ನಮ್ಮ ಹಳ್ಳದ ನೀರು ಹೋಗುವ ಊರು

ಇದನ್ನು ಹೇಳುವುದನ್ನು ನಾನು ವರ್ಷಗಟ್ಟಲೆ ಮುಂದಕ್ಕೆ ಹಾಕುತ್ತ ಬಂದೆ. ಕೊಯ್ಲು ಮುಗಿಯಲಿ ಎಂದೆ. ಮಗಳ ಮದುವೆ ಆಗಲಿ ಎಂದೆ. ಕೆಲಸ ಬಿಟ್ಟ ಮೇಲೆ ನೋಡೋಣ ಎಂದೆ. ಕೆಲಸ ಬಿಟ್ಟ ಮೇಲೆ, ಕೈ ನಡುಗುತ್ತದೆ, ಬರೆಯಲಾಗದು ಎಂಬ ಹೊಸ ನೆಪ ಸಿಕ್ಕಿತು. ಕೈ ಅಷ್ಟೇನೂ ನಡುಗುವುದಿಲ್ಲ. ಹೇಳಿದರೆ ಜನ ನನ್ನನ್ನು ನೋಡುವ ರೀತಿ ಬದಲಾದೀತು ಎಂಬ ಹೆದರಿಕೆ, ಅಷ್ಟೇ. ಈಗ ಬದಲಾಗಲಿ. ಬರೆದು ಮುಗಿಸಿಯೇ ಏಳುವುದು ಎಂದು ಕೂತಿದ್ದೇನೆ.

ಹೋದ ವರ್ಷ ಡಿಸೆಂಬರಿನಲ್ಲಿ ಆಲ್ದೂರಿನ ಹತ್ತಿರ ಅಳಿಯನ ತೋಟಕ್ಕೆ ಹೋಗಿದ್ದೆ. ಅವನು ಹೊಸದಾಗಿ ಸಣ್ಣದೊಂದು ಪಲ್ಪರ್ ಹಾಕಿಸಿದ್ದ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರವನ್ನು ತೋರಿಸಲು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಅಲ್ಲಿ ಆ ವಾಸನೆ ಬಂತು. ಸಿಪ್ಪೆಯೂ ಲೋಳೆಯೂ ನೀರಿನಲ್ಲಿ ಕೊಳೆಯುವ ವಾಸನೆ. ಮೊದಲು ಬೆಲ್ಲದ ಹಾಗೆ ಸಿಹಿ, ಆಮೇಲೆ ಹೆಂಡದ ಹಾಗೆ ಹುಳಿ, ಕೊನೆಗೆ ಹತ್ತಿರದಲ್ಲೇ ಏನೋ ಸತ್ತುಬಿದ್ದಿದೆ ಅನ್ನಿಸುವ ನಾತ.

"ಎಂತ ಮಾವ, ಜೀವಮಾನ ಇಡೀ ಇದ್ರಲ್ಲೇ ಕಳೆದೋರು, ನೀವು ಮೂಗು ಮುಚ್ಕಂಡ್ರೆ ಹೆಂಗೆ?" ಎಂದು ಅಳಿಯ ನಕ್ಕ.

ನಾನು ಮೂಗು ಮುಚ್ಚಿಕೊಂಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದೆ. ಅಲ್ಲೇ ಒಂದು ಕಲ್ಲಿನ ಮೇಲೆ ಕೂತು, ಮುಂದಿನ ಮಳೆಗಾಲಕ್ಕೆ ಹೊಳೆ ಹೋಗುವ ದಾರಿ ಹಿಡಿದು ಕಡೆಯ ತನಕ ಹೋಗುವುದು, ಹಿಂದೆ ನನ್ನ ಜೊತೆ ಕೆಲಸ ಮಾಡಿದ್ದ ಒಬ್ಬನನ್ನು ಹುಡುಕುವುದು ಎಂದು ತೀರ್ಮಾನ ಮಾಡಿದೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮೂಡಿಗೆರೆ ತಾಲ್ಲೂಕಿನ ಒಂದು ಎಸ್ಟೇಟಿಗೆ ರೈಟರ್ ಆಗಿ ಸೇರಿದವನು. ಬೆಳಿಗ್ಗೆ ಹಾಜರಿ ಕೂಗುವುದು, ಆಳುಗಳನ್ನು ಕೆಲಸಕ್ಕೆ ಹಂಚುವುದು, ಸಂಜೆ ಹಣ್ಣು ಅಳೆಸಿ ಪಲ್ಪರ್ ಮನೆಗೆ ಕಳಿಸುವುದು ನನ್ನ ಕೆಲಸ. ತೋಟದ ನಡುವೆ ಒಂದು ಹಳ್ಳ ಹರಿಯುತ್ತಿತ್ತು. ಅದು ಕೆಳಗಿಳಿದು ಗುಂಡಿಗದ್ದೆ ಎಂಬ ಸಣ್ಣ ಊರನ್ನು ಮುಟ್ಟಿ, ಅಲ್ಲಿಂದ ಮುಂದೆ ಹೇಮಾವತಿಗೆ ಸೇರುತ್ತದೆ. ಹೇಮಾವತಿ ಇನ್ನೂ ಮೇಲೆ ಜಾವಳಿಯ ಬೆಟ್ಟದಲ್ಲಿ ಹುಟ್ಟಿ, ಸಕಲೇಶಪುರದ ಮೇಲೆ ಹಾದು, ಗೊರೂರಿನಲ್ಲಿ ನಿಂತು, ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಗೆ ಸೇರಿ ತನ್ನ ಹೆಸರು ಬಿಡುತ್ತದೆ. ಇಷ್ಟು ನಮಗೆ ಗೊತ್ತಿತ್ತು. ಅದರಾಚೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುವ ಅಗತ್ಯ ಮಲೆನಾಡಿನವರಿಗೆ ಬಿದ್ದದ್ದಿಲ್ಲ. ಅದನ್ನು ನಮಗೆ ಹೇಳಿಕೊಟ್ಟವನು ಪಲ್ಪರ್ ಮೇಸ್ತ್ರಿ.

ಅವನು ತಂಜಾವೂರು ಸೀಮೆಯವನು. ಕಾವೇರಿ ಸಮುದ್ರ ಸೇರುವ ಕಡೆಯ ಕಾಲುವೆಗಳ ಊರು. ಗದ್ದೆ ಕೆಲಸ ಸಾಲದೆ ಹೆಂಡತಿ ಸೆಲ್ವಿಯನ್ನು ಕರೆದುಕೊಂಡು ಬೆಟ್ಟ ಹತ್ತಿ ಬಂದು ನಮ್ಮ ಆಳುಗಳ ಲೈನು ಮನೆಯಲ್ಲಿ ನೆಲೆನಿಂತಿದ್ದ. ಎಸ್ಟೇಟಿನಲ್ಲಿ ಎಲ್ಲರೂ ಅವನನ್ನು 'ಅಣ್ಣಾಚಿ' ಎನ್ನುತ್ತಿದ್ದರು. ಸೆಲ್ವಿಗೆ ಗಂಡನ ಹೆಸರು ಹೇಳುವ ರೂಢಿ ಇರಲಿಲ್ಲ. ಹೀಗಾಗಿ ಅವನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿದ್ದವನು ನಾನೊಬ್ಬನೇ, ಅದೂ ಬೆಳಿಗ್ಗೆ ಒಂದು ಸಲ, ಹಾಜರಿ ಕೂಗುವಾಗ. ಕೂಗಿದ ಕೂಡಲೆ ಹಿಂದಿನ ಸಾಲಿನಿಂದ, ಇದ್ದೇನೆ ಎಂಬುದಕ್ಕೆ ತಮಿಳಿನಲ್ಲಿ, "ಉಳ್ಳೇನ್ ಸಾರ್!" ಎಂದು ಗರ್ಜಿಸುತ್ತಿದ್ದ. ಹೆಂಗಸರು ಬೆಚ್ಚಿ ಬಯ್ಯುತ್ತಿದ್ದರು. ಅವನಿಗೆ ಅದೇ ಬೇಕಿತ್ತು.

ಒಳ್ಳೆಯ ಕೆಲಸಗಾರ, ಜೊತೆಗೆ ಮಹಾ ಬಡಾಯಿಕೋರ. ಇಸ್ಪೀಟಿನಲ್ಲಿ ಎಲೆ ಕದಿಯುತ್ತಿದ್ದ. ನಮ್ಮ ಅಕ್ಕಿ ರೊಟ್ಟಿಯನ್ನು 'ಚಪ್ಪಲಿ' ಎನ್ನುತ್ತಿದ್ದ. ನಮ್ಮ ಹಳ್ಳ ಕಂಡರಂತೂ ಅವನಿಗೆ ತಮಾಷೆ.

"ಇದೇನು ಸಾರ್ ಹೊಳೆ? ಲುಂಗಿ ಎತ್ತದೆ ದಾಟ್ಬೋದು. ನಮ್ಮೂರಿಗೆ ಬನ್ನಿ, ಇದೇ ನೀರು ಎಷ್ಟು ದಪ್ಪ ಆಗಿದೆ ನೋಡಿ."

"ದಪ್ಪ ಆಗದೆ ಏನು? ನಮ್ಮ ಬಚ್ಚಲ ನೀರೆಲ್ಲ ಕೂಡ್ಕಂಡು ಹೋಗ್ತದಲ್ಲ ಮಾರಾಯ" ಎಂದು ನಾನು ಅನ್ನುತ್ತಿದ್ದೆ.

"ನೀವು ಬಚ್ಚಲ ನೀರೇ ಬಿಡಿ ಸಾರ್, ನಾವು ಅದರಲ್ಲಿ ಅನ್ನ ಬೆಳೆದು ಊರಿಗೆಲ್ಲ ಹಾಕ್ತೀವಿ."

ಆಮೇಲೆ ಬಸ್ಸಿನ ಕಂಡಕ್ಟರನ ಹಾಗೆ ಒಂದು ಕೈ ಮೇಲೆತ್ತಿ ಕೂಗುತ್ತಿದ್ದ. "ಸಕ್ಲೇಶ್ಪುರ, ಗೊರೂರು, ಕನ್ನಂಬಾಡೀ! ಮೆಟ್ಟೂರು, ತಿರುಚ್ಚಿ, ಕಲ್ಲಣೈ, ಕುಂಭಕೋಣಂ, ಮಾಯವರಂ! ಕಡೇ ಸ್ಟಾಪು ಸಮುದ್ರ! ಇಳಿಯೋರು ಇಳೀರಿ!"

ಅವರ ಕಡೆ, ನಮ್ಮ ಆಷಾಢದ ಹೊತ್ತಿಗೆ ಬರುವ ಆಡಿ ತಿಂಗಳ ಹದಿನೆಂಟನೆಯ ದಿನ ಹೊಳೆಗೆ ಪೂಜೆ. ಹೊಸ ನೀರು ಬರುವ ಹೊತ್ತು. ಹೆಂಗಸರು ಹೊಳೆಯನ್ನು ಬಸುರಿಯೆಂದು ತಿಳಿದು ಅವಳಿಗೆ ಅರಿಸಿನ ದಾರ, ಹೂವು, ಬಗೆಬಗೆಯ ಅನ್ನ ಒಪ್ಪಿಸುತ್ತಾರಂತೆ. ನಮ್ಮಲ್ಲಿ ಆಗ ಮಳೆಗಾಲ ಕಟ್ಟಿಕೊಂಡಿರುತ್ತದೆ. ಸೆಲ್ವಿ ಕಂಬಳಿ ಕೊಪ್ಪೆ ಹಾಕಿಕೊಂಡು ಕೆಂಪು ನೀರಿನ ಹಳ್ಳಕ್ಕೆ ಇಳಿದು, ಅಡಿಕೆ ಹಾಳೆಯ ತುಂಡಿನ ಮೇಲೆ ಹೂವು, ಅರಿಸಿನ ದಾರ ಇಟ್ಟು ತೇಲಿಬಿಡುತ್ತಿದ್ದಳು. ಅದು ಅವಳ ತಾಯಿಗಂತೆ.

"ಗೊರೂರು ಡ್ಯಾಮಿನ ಗೇಟಲ್ಲಿ ಸಿಕ್ಕಿಬೀಳ್ತದೆ ಮಾರಾಯ್ತಿ" ಎಂದು ನಾನು ಚಾಳಿಸಿದರೆ, "ಗೇಟು ತೆಗೆದ ದಿನ ಹೋಗ್ಲಿ ಸಾರ್, ನಮ್ಮಮ್ಮ ಕಾಯ್ತಾಳೆ" ಎನ್ನುತ್ತಿದ್ದಳು.

ಒಂದು ಸಲ ಅವನು, "ರಿಟೈರ್ ಆದ್ಮೇಲೆ ನಮ್ಮೂರಿಗೆ ಬನ್ನಿ. ಇಲ್ಲಿ ಮೀನು ಅಂತ ತಿಂತೀರಲ್ಲ, ಅದು ಮೀನಲ್ಲ, ಸೊಳ್ಳೆ. ಸೆಲ್ವಿ ಕೈಲಿ ಮೀನು ಸಾರು ಮಾಡಿಸ್ತೀನಿ" ಎಂದ. ನಾನು ಆಗಲಿ ಎಂದು ಕೈ ಮೇಲೆ ಕೈ ಹಾಕಿ ಮಾತು ಕೊಟ್ಟೆ.

ಮೀನಿನ ವಿಷಯ ಬಂದದ್ದರಿಂದ ಗುಂಡಿಗದ್ದೆಯ ದೇವರ ಗುಂಡಿಯನ್ನು ಇಲ್ಲೇ ಹೇಳಬೇಕು. ಹಳ್ಳ ಆ ಊರನ್ನು ಮುಟ್ಟುವಲ್ಲಿ ಬಂಡೆಗಳ ನಡುವೆ ಆಳವಾದ ಒಂದು ಮಡು. ಅದರಲ್ಲಿ ತೋಳುದ್ದದ, ಕರಿಬೆನ್ನಿನ ಮೀನುಗಳು. ದೇವರ ಮೀನುಗಳವು, ಯಾರೂ ಹಿಡಿಯುವುದಿಲ್ಲ. ಮಗು ಹುಟ್ಟಿದರೆ, ಹೊಸ ಭತ್ತ ಬಂದರೆ ಅಕ್ಕಿ ತಂದು ಹಾಕುತ್ತಾರೆ. ಜಗಳ ಬಂದರೆ ಆ ನೀರು ಮುಟ್ಟಿ ಸತ್ಯ ಹೇಳುತ್ತಾರೆ. ಅನ್ಯಾಯ ಮಾಡಿದವನು ಒಪ್ಪದಿದ್ದರೆ ಗುಂಡಿಯ ದೇವರಿಗೆ ದೂರು ಕೊಡುತ್ತಾರೆ. ದೂರು ಕೊಟ್ಟ ಮೇಲೆ ಆ ಮನುಷ್ಯನ ಹೆಸರು ಊರಿನಲ್ಲಿ ಒಳ್ಳೆಯದಕ್ಕೆ ಬರುವಂತಿಲ್ಲ. ಅಣ್ಣಾಚಿ ಮೊದಲ ಸಲ ಆ ಮೀನುಗಳನ್ನು ಕಂಡಾಗ, "ಇಷ್ಟು ದೊಡ್ಡ ಮೀನಿಗೆ ಹಸಿ ಅಕ್ಕಿ ಹಾಕಿ ಸುಮ್ನೆ ಮನೆಗೆ ಹೋಗ್ತೀರಲ್ಲ, ಪಾಪ ಅಲ್ವಾ?" ಎಂದು ಗೋಳಾಡಿದ. ಊರವರೂ ನಕ್ಕರು. ಆ ಮಾತು ಮಾತ್ರ ಅವರ ತಲೆಯಲ್ಲಿ ಉಳಿದುಕೊಂಡಿತು.

ಪಲ್ಪರಿನ ಕೊಳೆ ನೀರು ಗುಂಡಿಗೆ ಇಳಿದರೆ ಮೀನು ಉಳಿಯುವುದಿಲ್ಲ. ಹಿಂದೆ ಒಮ್ಮೆ ಈ ವಿಚಾರಕ್ಕೆ ಜಗಳವಾಗಿ, ನಮ್ಮ ಸಾಹುಕಾರರು ಸ್ವತಃ ಗುಂಡಿಯ ನೀರು ಮುಟ್ಟಿ, "ನನ್ನ ತೋಟದಿಂದ ಒಂದು ತಂಬಿಗೆ ಕೊಳೆನೀರೂ ಹಳ್ಳಕ್ಕೆ ಬಿಡುವುದಿಲ್ಲ" ಎಂದು ಮಾತು ಕೊಟ್ಟಿದ್ದರು. ಅದಕ್ಕಾಗಿ ಪಲ್ಪರ್ ಮನೆಯ ಕೆಳಗೆ ದೊಡ್ಡ ಹೊಂಡ ತೋಡಿಸಿ ಏರಿ ಕಟ್ಟಿಸಿದ್ದರು. ಏರಿ ಮುಟ್ಟಿದವನಿಗೆ ಕೆಲಸವಿಲ್ಲ ಎಂದು ಎಲ್ಲರಿಗೂ ಹೇಳಿದ್ದರು.

ಈಗ ಆ ವರ್ಷ. ತೊಂಬತ್ತೊಂದರ ಕೊಯ್ಲು.

ಕಾವೇರಿ ನೀರಿನ ತಕರಾರು ಆ ವರ್ಷ ರೇಡಿಯೋದಲ್ಲಿ, ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ ಎಲ್ಲೆಲ್ಲೂ ಇತ್ತು. ಡಿಸೆಂಬರಿನಲ್ಲಿ ಬೆಂಗಳೂರು, ಮೈಸೂರು ಕಡೆ ಗಲಾಟೆಯಾಯಿತೆಂದು ಸುದ್ದಿ ಬಂತು. ನಮ್ಮ ಕಡೆ ಯಾರೂ ಯಾರ ಮೈಮೇಲೂ ಕೈ ಮಾಡಲಿಲ್ಲ. ಮಾತು ಮಾತ್ರ ಬದಲಾಯಿತು. 'ನಮ್ಮ ನೀರು ಕುಡಿಯೋರು ನೀವು' ಎಂಬ ಹಳೆಯ ತಮಾಷೆಯನ್ನು ಈಗ ಜನ ನಗದೆ ಹೇಳತೊಡಗಿದರು. ಅಣ್ಣಾಚಿ ಕಂಡಕ್ಟರನ ಕೂಗು ನಿಲ್ಲಿಸಿದ. ಹಾಜರಿಯಲ್ಲಿ "ಉಳ್ಳೇನ್" ಬಿಟ್ಟು ಮೆಲ್ಲಗೆ "ಇದ್ದೀನಿ ಸಾರ್" ಎನ್ನತೊಡಗಿದ. ನಾನು ಅದನ್ನು ಗಮನಿಸಿದ್ದೆ. ಏನೂ ಕೇಳಲಿಲ್ಲ.

ಆ ನಡುವೆ ಅಕಾಲದ ಮಳೆ ಹಿಡಿಯಿತು. ಪೂರ್ವದ ಸಮುದ್ರದಲ್ಲಿ ಎದ್ದ ಗಾಳಿಮಳೆಯ ಬಾಲ ನಮ್ಮ ತನಕ ಬಂದಿತ್ತು. "ನೀವು ನೀರು ಕಳಿಸಿದ್ರಿ, ನಮ್ಮೂರು ಮೋಡ ಕಳಿಸಿದೆ ನೋಡಿ" ಎಂದು ಅವನು ಬಹಳ ದಿನದ ಮೇಲೆ ನಕ್ಕ. ನನಗೆ ನಗು ಬರಲಿಲ್ಲ. ಗಿಡದಲ್ಲಿ ಹಣ್ಣು ಒಡೆಯುತ್ತಿತ್ತು, ಉದುರುತ್ತಿತ್ತು. ಇದ್ದಬದ್ದವರನ್ನೆಲ್ಲ ಕೊಯ್ಲಿಗೆ ಅಟ್ಟಿದೆ. ಸಂಜೆಗೆ ಪಲ್ಪರ್ ಮನೆಯ ಮುಂದೆ ಕಂಡರಿಯದಷ್ಟು ಹಣ್ಣಿನ ರಾಶಿ. ಹಣ್ಣನ್ನು ಅದೇ ದಿನ ಸುಲಿಯಬೇಕು. ರಾಶಿಯಲ್ಲಿ ಕೂತರೆ ಕಾವು ಹತ್ತಿ ಹುಳಿ ಹಿಡಿಯುತ್ತದೆ, ಅಂಥ ಕಾಫಿಯನ್ನು ಯಾರೂ ಮೂಸುವುದಿಲ್ಲ. ಹಿಂದಿನ ವರ್ಷ ಹೀಗೇ ಒಂದು ತೊಟ್ಟಿ ಕಾಫಿ ಕೆಟ್ಟಾಗ ಸಾಹುಕಾರರು ಎಲ್ಲರ ಎದುರು, "ರೈಟ್ರೇ, ನಿಮಗೆ ವಯಸ್ಸಾಯ್ತು ಅನ್ಸುತ್ತೆ" ಎಂದಿದ್ದರು. ಆ ಮಾತು ನನ್ನೊಳಗೆ ಕೂತಿತ್ತು.

ಅಣ್ಣಾಚಿ ಎಂಜಿನ್ ನಿಲ್ಲಿಸಿ ಬಂದ. "ಸಾರ್, ಹೊಂಡ ತುಂಬಿದೆ. ಇನ್ನು ಸುಲಿಯಂಗಿಲ್ಲ."

"ಇಷ್ಟು ಹಣ್ಣು ಏನು ಮಾಡ್ತೀಯಾ ಮಾರಾಯ?"

"ಸುಲಿಯದೆ ಹಾಗೇ ಹರವಿ ಚೆರ್ರಿ ಮಾಡಿ ಒಣಗಿಸೋಣ."

"ಈ ಮಳೇಲಿ ಎಲ್ಲಿ ಒಣಗಿಸ್ತೀಯಾ, ನಿನ್ನ ತಲೆ ಮೇಲಾ? ಏರಿ ಒಂಚೂರು ಕಡಿ. ಮೇಲಿನ ನೀರು ಹೋಗ್ಲಿ. ಮಳೆ ನೀರಲ್ಲಿ ಯಾರಿಗೆ ಗೊತ್ತಾಗ್ತದೆ?"

"ನಾನು ಕಡಿಯಲ್ಲ ಸಾರ್. ಸಾವ್ಕಾರ್ರು ನೀರು ಮುಟ್ಟಿ ಮಾತು ಕೊಟ್ಟಿದಾರೆ. ಇದು ಎಲ್ಲಿಗೆ ಹೋಗುತ್ತೆ ನಿಮಗೆ ಗೊತ್ತಲ್ಲ?"

"ಗೊತ್ತು ಗೊತ್ತು. ನಿಮ್ಮೂರಿಗೆ. ಅದ್ರಲ್ಲೇ ಅನ್ನ ಬೆಳ್ಕಂಡು ತಿನ್ನಿ."

ಹಳೆಯ ತಮಾಷೆಯೇ. ಆ ಸಂಜೆ ಅದು ತಮಾಷೆಯಾಗಿರಲಿಲ್ಲ. ಅವನು ನನ್ನ ಮುಖವನ್ನೊಮ್ಮೆ ನೋಡಿ, ಕೈ ಒರೆಸಿಕೊಂಡು ಲೈನಿನ ಕಡೆ ಹೊರಟುಹೋದ.

ಗುದ್ದಲಿ ಗೋಡೆಗೆ ಒರಗಿತ್ತು. ನಾನೇ ತೆಗೆದುಕೊಂಡೆ. ಏರಿಯ ತಲೆಯಲ್ಲಿ ಅಂಗೈಯಗಲ ಕಡಿದೆ. ಅಷ್ಟೇ ಕಡಿದದ್ದು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಎಂಜಿನ್ ಹಾಕಿ, ಗೊತ್ತಿದ್ದ ಮಟ್ಟಿಗೆ ನಾನೇ ಹಣ್ಣು ಬಿಟ್ಟು ರಾಶಿ ಮುಗಿಸಿದೆ. ಮನೆಗೆ ಹೋಗಿ ಬಿಸಿನೀರು ಸ್ನಾನ ಮಾಡಿ ಮಲಗಿದೆ. ಅಂಗೈಯಗಲದ ಕಂಡಿಯನ್ನು ನೀರು ತಾನೇ ಅಗಲ ಮಾಡಿಕೊಂಡಿತು. ಬೆಳಗಾಗುವಾಗ ಹೊಂಡ ಖಾಲಿ.

ಬೆಳಿಗ್ಗೆ ಪಲ್ಪರ್ ತೊಳೆಯಲು ಮೊದಲು ಬಂದವನು ಅಣ್ಣಾಚಿ. ಏರಿ ಒಡೆದದ್ದು ಕಂಡು, ಅದೇ ಗುದ್ದಲಿ ಎತ್ತಿಕೊಂಡು ಮಣ್ಣು ಹೊತ್ತು ಕಂಡಿ ಮುಚ್ಚತೊಡಗಿದ್ದಾನೆ. ಅಷ್ಟರಲ್ಲಿ ಗುಂಡಿಗದ್ದೆಯವರು ಕೆಂಪು ನೀರಿನ ಜಾಡು ಹಿಡಿದು ಹಳ್ಳ ಹತ್ತಿ ಬಂದರು. ಅವರು ಕಂಡದ್ದು, ಒಡೆದ ಏರಿಯ ಮೇಲೆ ಗುದ್ದಲಿ ಹಿಡಿದು ಮೊಣಕಾಲ ತನಕ ಕೊಳೆಯಾಗಿ ನಿಂತ ತಮಿಳು ಮನುಷ್ಯ.

ನನಗೆ ಕರೆ ಬಂದು ನಾನು ಗುಂಡಿಗೆ ಇಳಿಯುವ ಹೊತ್ತಿಗೆ ಊರೇ ಅಲ್ಲಿತ್ತು. ಮಡುವಿನ ತುಂಬ ಬಿಳಿ ಹೊಟ್ಟೆಗಳು. ದೊಡ್ಡ ಮೀನುಗಳು ಇನ್ನೂ ಸಾಯದೆ ಬಾಯಿ ಮೇಲೆ ಮಾಡಿ ಗಾಳಿ ಕಚ್ಚುತ್ತಿದ್ದವು. ಹೆಂಗಸರು ಮನೆಯಲ್ಲಿ ಹೆಣ ಬಿದ್ದ ಹಾಗೆ ಅಳುತ್ತಿದ್ದರು. ಊರಿನ ಹಿರಿಯ ಮಲ್ಲೇಗೌಡರು ಬಂಡೆಯ ಮೇಲೆ ಕೂತಿದ್ದರು. ಅಣ್ಣಾಚಿಯನ್ನು ನಾಲ್ಕಾರು ಜನ ಹಿಡಿದುಕೊಂಡಿದ್ದರು, ಅಂಗಿ ಹರಿದಿತ್ತು. ಸೆಲ್ವಿ ದೂರದಲ್ಲಿ ಸೆರಗು ಬಾಯಿಗೊತ್ತಿ ನಿಂತಿದ್ದಳು. ಸಾಹುಕಾರರ ಜೀಪು ಬಂತು.

"ಇವ್ನೇ ಸಾವ್ಕಾರ್ರೇ. ಮೀನು ಕಂಡ್ರೆ ಜೊಲ್ಲು ಸುರಿಸ್ತಿದ್ದ. ತಿನ್ನಾಕೆ ಆಗ್ಲಿಲ್ಲ, ಕೊಂದ."

"ಅವರ ಊರಿಗೆ ನೀರು ಬಿಟ್ಟಿಲ್ಲ ಅಂತ ಸಿಟ್ಟು ನಮ್ಮ ದೇವರ ಮೇಲೆ ತೀರಿಸ್ಕಂಡ."

ಮಲ್ಲೇಗೌಡರು ಕೈಯೆತ್ತಿ ಸುಮ್ಮನಿರಿಸಿದರು. "ನೀರು ಮುಟ್ಟಿ ಹೇಳ್ಲಿ. ಇವ್ನು ಕಡಿದಿಲ್ಲ ಅಂದ್ರೆ ನೀರು ಮುಟ್ಟಿ ಹೇಳ್ಲಿ."

ಅಣ್ಣಾಚಿ ತಡಮಾಡದೆ ಗುಂಡಿಗೆ ಇಳಿಯಹೋದ. ಯಾರೋ ಒಬ್ಬ ಅವನ ಹೆಗಲು ಹಿಡಿದು ಹಿಂದಕ್ಕೆ ಎಳೆದ. "ನಮ್ಮ ನೀರು ನೀನು ಮುಟ್ಬೇಡ. ನಿನ್ನ ಸತ್ಯ ನಿನ್ನೂರಲ್ಲಿ ಇಟ್ಕ." ಕೆಲವರು ಹೌದೆಂದರು. ಮಲ್ಲೇಗೌಡರು ಏನೋ ಹೇಳಹೋಗಿ ನಿಲ್ಲಿಸಿದರು. ಆಗ ಅವನು ನನ್ನ ಕಡೆ ತಿರುಗಿದ. ಸಿಟ್ಟಿನಿಂದಲ್ಲ. ತಪ್ಪು ಲೆಕ್ಕ ಸರಿಮಾಡಿ ಎಂದು ಕೇಳುವಷ್ಟು ಸಹಜವಾಗಿ.

"ಸಾರ್, ನೀವು ಹೇಳಿ. ನೀವು ಹೇಳಿದ್ರೆ ಸಾಕು."

ಸಾಹುಕಾರರೂ ನನ್ನನ್ನೇ ನೋಡಿದರು. "ಹೇಳಿ ರೈಟ್ರೇ. ಏರಿ ಕಡಿದದ್ದು ಯಾರು?"

ನನ್ನನ್ನು ಯಾರೂ ನೀರು ಮುಟ್ಟು ಎನ್ನಲಿಲ್ಲ. ನಾನು ಇದೇ ಸೀಮೆಯವನು, ನಾಲ್ಕು ಅಕ್ಷರ ಕಲಿತವನು. ನನ್ನ ಮಾತೇ ಸಾಕಿತ್ತು.

"ಪಲ್ಪರ್ ಅವನ ಸುಪರ್ದಿ" ಎಂದೆ.

ನಾನು ಅವನೇ ಕಡಿದ ಎನ್ನಲಿಲ್ಲ, ನೋಡಿ. ಆ ಚಾಣಾಕ್ಷತನದ ಮೇಲೆ ಎಷ್ಟೋ ವರ್ಷ ಬದುಕಿದೆ.

ಅವತ್ತೇ ಮಲ್ಲೇಗೌಡರು ಊರ ಪರವಾಗಿ ಗುಂಡಿಯ ದೇವರಿಗೆ ದೂರು ಕೊಟ್ಟರು. ಮೀನು ಕೊಂದ ಅಣ್ಣಾಚಿಯನ್ನು ದೇವರೇ ನೋಡಿಕೊಳ್ಳಲಿ ಎಂದು ಮೂರು ಹಿಡಿ ಮಣ್ಣು ನೀರಿಗೆ ಎಸೆದರು. ಸಾಹುಕಾರರು ಮರುದಿನ ಸಕಲೇಶಪುರಕ್ಕೆ ಹೋಗುವ ಲಾರಿಯಲ್ಲಿ ಗಂಡ ಹೆಂಡಿರನ್ನು ಕಳಿಸಿಬಿಡಿ ಎಂದು ನನಗೇ ಹೇಳಿದರು. "ಇಲ್ಲಿದ್ರೆ ಅವನ ಜೀವಕ್ಕೇ ಕಷ್ಟ" ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಹಾಜರಿ ಕೂಗಿದೆ. ತಲೆ ಎತ್ತದೆ ಕೂಗಿದೆ. ಅವನ ಹೆಸರು ಬರುವಲ್ಲಿ ಒಂದು ಉಸಿರು ನಿಲ್ಲಿಸಿ ಮುಂದಿನ ಹೆಸರು ಕೂಗಿದೆ. ಲಾರಿ ಹೋದ ಸದ್ದು ಕೇಳಿಸಿತು. ಅಂದಿನಿಂದ ಬಹಳ ವರ್ಷ ಆ ಹೆಸರನ್ನು ನಾನು ಬಾಯಲ್ಲಿ ಆಡಲಿಲ್ಲ.

ಗುಂಡಿಯಲ್ಲಿ ಹಲವು ವರ್ಷ ಮೀನು ಬರಲಿಲ್ಲ. ನಾನು ಒಳ್ಳೆಯವನೆನಿಸಿಕೊಂಡೇ ಕೆಲಸದಿಂದ ಬಿಡುಗಡೆಯಾದೆ. ಶಾಲು ಹೊದಿಸಿ ಫೋಟೋ ತೆಗೆದರು. ಆ ಫೋಟೋ ಮಗಳ ಮನೆಯ ಗೋಡೆಯ ಮೇಲಿದೆ.

ಈ ವರ್ಷ ಆಡಿ ತಿಂಗಳು ಬರುವುದನ್ನು ಕಾದು ಹೊರಟೆ. ಮೊದಲು ಜಾವಳಿಗೆ ಹೋಗಿ ಗುಡಿಯ ಮುಂದಿನ ಕೊಳದಲ್ಲಿ ಹೊಳೆ ಹುಟ್ಟುವುದನ್ನು ನೋಡಿದೆ. ಅಲ್ಲಿಂದ ಬಸ್ಸು ಬದಲಿಸುತ್ತ ಇಳಿದೆ. ಸಕಲೇಶಪುರದಲ್ಲಿ ಸೇತುವೆಯ ಕೆಳಗೆ ಕೆಂಪಾಗಿ ನುಗ್ಗುತ್ತಿತ್ತು. ಗೊರೂರಿನಲ್ಲಿ ಸಮುದ್ರದ ಹಾಗೆ ನಿಂತಿತ್ತು. ಕನ್ನಂಬಾಡಿಯಲ್ಲಿ ಹೇಮಾವತಿ ಎಲ್ಲಿ, ಕಾವೇರಿ ಎಲ್ಲಿ ಎಂದು ಕಣ್ಣು ಕಿರಿದು ಮಾಡಿ ಹುಡುಕಿದೆ, ಬರೀ ನೀರು. ಮೆಟ್ಟೂರು ದಾಟಿದ ಮೇಲೆ ಬೆಟ್ಟ ಹಿಂದೆ ಬಿದ್ದಿತು. ತಿರುಚ್ಚಿಯಲ್ಲಿ ಹೊಳೆಯ ಅಗಲ ಕಂಡು, ಲುಂಗಿ ಎತ್ತದೆ ದಾಟುತ್ತಿದ್ದ ನಮ್ಮ ಹಳ್ಳ ನೆನಪಾಗಿ ಬಸ್ಸಿನಲ್ಲಿ ಒಬ್ಬನೇ ನಕ್ಕೆ. ಬಡಾಯಿ ಎಂದುಕೊಂಡಿದ್ದೆನಲ್ಲ, ಅವನು ಕಡಿಮೆಯೇ ಹೇಳಿದ್ದ. ಕಲ್ಲಣೆಯ ಆಚೆ ಹೊಳೆ ಒಂದಾಗಿ ಉಳಿಯುವುದಿಲ್ಲ. ಕೈ ಬಿಚ್ಚಿದ ಹಾಗೆ ಬೆರಳುಬೆರಳಾಗಿ ಒಡೆದು, ಕಾಲುವೆಯಾಗಿ, ಕಾಲುವೆಯ ಕಾಲುವೆಯಾಗಿ ಪ್ರತಿ ಮನೆಯ ಹಿತ್ತಲಿಗೂ ಹೋಗುತ್ತದೆ. ಆಗತಾನೆ ನಾಟಿಯಾದ ಗದ್ದೆ. ದಿಗಂತದ ತನಕ ಒಂದೇ ಹಸಿರು, ಒಂದು ದಿಣ್ಣೆ ಕೂಡ ಅಡ್ಡವಿಲ್ಲ. ನಮ್ಮ ಬಚ್ಚಲ ನೀರು ಎಂದು ನಾನು ಅಂದದ್ದು ಇದನ್ನು.

ಅವನ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಅವನ ಮನೆಯವರಿದ್ದಾರೆ. ಚಹಾದಂಗಡಿಯಲ್ಲಿ ನನ್ನ ಹರಕು ತಮಿಳಿನಲ್ಲಿ ಕೇಳಿದೆ. ಹೆಸರೇನು ಎಂದರು. ಬಾಯಿ ತೆರೆದೆ, ಬರಲಿಲ್ಲ. "ಕಾಫಿ ತೋಟದಲ್ಲಿದ್ದವರು" ಎಂದೆ.

"ಓ, ನಮ್ಮ ಕಾಪಿಕ್ಕಾರರಾ!" ಎಂದ ಅಂಗಡಿಯವನು. ನಮ್ಮಲ್ಲಿ ಅವನು ಅಣ್ಣಾಚಿ, ಅಲ್ಲಿ ಕಾಫಿಯವನು. "ಅವರು ಹೋಗಿ ವರ್ಷ ಎರಡಾಯ್ತಲ್ಲ. ಎದೆನೋವು. ಅವರ ಹೆಂಡತಿ ಕಾಲುವೆ ಹತ್ತಿರ ಇದ್ದಾರೆ, ಇವತ್ತು ಹಬ್ಬ."

ಅಲ್ಲೇ ಹಿಂದಿರುಗಬಹುದಿತ್ತು. ಕಾಲು ಹಾಗೆ ಹೇಳಿತು. ನಾನು ಅದರ ಮಾತು ಕೇಳಲಿಲ್ಲ.

ಕಾಲುವೆಯ ಮೆಟ್ಟಿಲ ತುಂಬ ಹೆಂಗಸರು, ಅರಿಸಿನ ದಾರ, ಹೂವು. ಸೆಲ್ವಿಯ ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಕನ್ನಡದಲ್ಲೇ, "ರೈಟರ್ ಸಾರಾ? ಮೀನು ತಿನ್ನೋಕೆ ಬಂದ್ರಾ? ತಡ ಆಯ್ತು" ಎಂದಳು.

ಅವಳ ಮನೆಯ ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಗುದ್ದಲಿ, ಅಂಗೈಯಗಲದ ಕಂಡಿ, ಸುಪರ್ದಿ ಎಂಬ ಮಾತು, ಯಾವುದನ್ನೂ ಮೃದು ಮಾಡಲಿಲ್ಲ. ಅವಳು ಮೀನು ಹೆಚ್ಚುತ್ತ ಕೇಳಿದಳು. ಕೈ ನಿಲ್ಲಲಿಲ್ಲ.

"ಗೊತ್ತು ಸಾರ್. ಅವತ್ತೇ ಮನೆಗೆ ಬಂದು ಹೇಳಿದ್ರು. 'ರೈಟ್ರು ಇವತ್ತು ಹೆದರಿದ್ರು. ನಾಳೆ ಹಾಜರೀಲಿ ನನ್ನ ಹೆಸರು ಕೂಗ್ತಾರೆ, ಎಲ್ಲರ ಮುಂದೆ ನಿಜ ಹೇಳ್ತಾರೆ, ನೋಡು' ಅಂದ್ರು. ಗಂಟು ಲಾರೀಲಿ ಇಟ್ಟು, ಒಗೆದ ಅಂಗಿ ಹಾಕ್ಕೊಂಡು ಸ್ಟೋರಿನ ಗೋಡೆ ಹತ್ತಿರ ನಿಂತಿದ್ರು. ಕೊನೇ ಹೆಸರು ಮುಗಿಯೋ ತನಕ ನಿಂತಿದ್ರು. ನೀವು ತಲೆ ಎತ್ತಲಿಲ್ಲ."

ನಾನು ಕೈ ಮುಗಿದೆ.

"ನನಗೆ ಕೈ ಮುಗಿದ್ರೆ ಏನು ಬಂತು ಸಾರ್?" ಅವಳ ದನಿ ಆಗ ಗಟ್ಟಿಯಾಯಿತು. "ಇಲ್ಲಿ ಅವರ ಹೆಸರು ಚೆನ್ನಾಗೇ ಇದೆ. ಇಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಕಾಫಿ ತೋಟದ ರೈಟ್ರು ಬರ್ತಾರೆ, ಮಾತು ಕೊಟ್ಟಿದಾರೆ ಅಂತಾನೇ ಹೇಳ್ತಿದ್ರು. ಹೆಸರು ಕೆಟ್ಟಿರೋದು ನಿಮ್ಮೂರಲ್ಲಿ. ಮೀನು ಸತ್ತ ಜಾಗದಲ್ಲಿ ಹೇಳಿ."

ಸಾರು ಬಡಿಸಿದಳು. ಉಂಡೆ. ಉಣ್ಣದೆ ಏಳುವ ಹಕ್ಕು ನನಗಿರಲಿಲ್ಲ.

ಊರಿಗೆ ಬಂದವನು ಮಗಳ ಮನೆಗೆ ಹೋಗಲಿಲ್ಲ. ಮೂಡಿಗೆರೆಯಲ್ಲಿ ಇಳಿದು ನೇರ ಗುಂಡಿಗದ್ದೆಗೆ ನಡೆದೆ. ಮಳೆ ಬಿಟ್ಟು ಹೊಳವಾಗಿತ್ತು. ಮಲ್ಲೇಗೌಡರು ಇನ್ನೂ ಇದ್ದಾರೆ; ಕಣ್ಣು ಮಂಜು, ಕೋಲು ಹಿಡಿದು ಜಗಲಿಯಲ್ಲಿ ಕೂತಿರುತ್ತಾರೆ. ಹೇಳಿದೆ. ಕೇಳಿ ಅವರು ಕೋಲಿನಿಂದ ನೆಲ ಕೆರೆದರು.

"ಈಗ್ಯಾಕೆ ಹೇಳ್ತೀಯಾ ಮಾರಾಯ? ಸಾಯಾಕೆ ಬಂದಾಗ್ಲಾ ನೆನಪಾಗೋದು?"

"ಹೌದು ಗೌಡ್ರೇ. ಬೈರಿ."

"ಬೈದ್ರೆ ನಿಂಗೆ ಸಲೀಸು. ಬೈಯಲ್ಲ." ಅವರು ಎದ್ದರು. "ಅವತ್ತು ಅವ್ನು ನೀರು ಮುಟ್ತೀನಿ ಅಂದ, ನಾವು ಬಿಡ್ಲಿಲ್ಲ. ನಾನು ಹಿರಿಯ ಅಂತ ಕೂತಿದ್ದೋನು, ಬಾಯಿ ಬಿಡ್ಲಿಲ್ಲ. ಅದು ನನ್ನ ಪಾಲು. ನಡಿ, ಹಿಡ್ಕ ಕೈಯ."

ಇಬ್ಬರು ಮುದುಕರು ಒಬ್ಬರನ್ನೊಬ್ಬರು ಹಿಡಿದುಕೊಂಡು ಗುಂಡಿಗೆ ಇಳಿದೆವು. ನಮ್ಮನ್ನು ಕಂಡು ಗದ್ದೆಯಲ್ಲಿದ್ದವರು, ಮನೆಯಲ್ಲಿದ್ದವರು ಒಬ್ಬೊಬ್ಬರಾಗಿ ಬಂದು ನಿಂತರು. ನೀರು ತಿಳಿಯಾಗಿತ್ತು. ಮೀನು ಮರಳಿ ಬಂದಿವೆ, ಸಣ್ಣವು, ಗೇಣುದ್ದ. ನಾನು ಮೊಣಕಾಲ ತನಕ ಇಳಿದು ಎರಡೂ ಅಂಗೈಯಲ್ಲಿ ನೀರು ಮುಟ್ಟಿ, ಏರಿ ಕಡಿದವನು ನಾನು ಎಂದೆ. ಯಾರೋ ಒಬ್ಬಾಕೆ "ಥೂ" ಎಂದಳು.

ಮಲ್ಲೇಗೌಡರು ಬಗ್ಗಿ ಮಣ್ಣು ತೆಗೆದುಕೊಂಡರು. "ದೇವರಿಗೆ ಕೊಟ್ಟ ದೂರು ಹಿಂದಕ್ಕೆ ತಗಳದು ಸುಮ್ನೆ ಅಲ್ಲ. ಯಾರ ಮೇಲೆ ಕೊಟ್ಟಿದ್ದೋ ಅವರ ಹೆಸರು ಹೇಳ್ಬೇಕು. ಇಷ್ಟು ವರ್ಷ ಅಣ್ಣಾಚಿ ಅಂತ ಶಪಿಸ್ಕಂಡೇ ಬಂದ್ವಿ. ಅದು ಹೆಸರಲ್ಲ. ಹೆಸರು ಎಂತದು ಅವಂದು?"

ನೀರು ಕಾಲಿಗೆ ತಾಗಿ ಕೆಳಗೆ ಹೋಗುತ್ತಿತ್ತು. ಸಕಲೇಶಪುರ, ಗೊರೂರು, ಕನ್ನಂಬಾಡಿ. ಈ ಸಲ ತಲೆ ಎತ್ತಿ, ಹಿಂದಿನ ಸಾಲಿನವರಿಗೂ ಕೇಳಬೇಕೆಂದು ಬೆಳಗಿನ ಚಳಿಯಲ್ಲಿ ಹಾಜರಿ ಕೂಗುತ್ತಿದ್ದ ಅದೇ ದನಿಯಲ್ಲಿ ಕೂಗಿದೆ:

"ಗೋವಿಂದಸಾಮಿ ಕಲಿಯಪೆರುಮಾಳ್."